ಶ್ರೀನಿವಾಸ ಮಾಸ್ತರರ ಗಣಿತ ಮತ್ತು ದುರಗವ್ವನ ನಿದ್ದೆ

ಶ್ರೀನಿವಾಸ ಮಾಸ್ತರರು ಮೂವತ್ತಮೂರು ವರ್ಷ ಗಣಿತ ಕಲಿಸಿದರು. ಮೊದಲು ಮುಂಡರಗಿಯಲ್ಲಿ, ಆಮೇಲೆ ಲಕ್ಷ್ಮೇಶ್ವರದಲ್ಲಿ, ಕೊನೆಯ ಹನ್ನೊಂದು ವರ್ಷ ಶಿರಹಟ್ಟಿಯಲ್ಲಿ. ಅಷ್ಟೂ ವರ್ಷ ಅವರ ತರಗತಿಯಲ್ಲಿ ಗದ್ದಲವೆಂಬುದು ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಬೇರೆ ಮಾಸ್ತರರು ಟೇಬಲ್ ಕುಟ್ಟಿ ಕುಟ್ಟಿ ಸುಸ್ತಾಗುತ್ತಿದ್ದರೆ ಇವರ ಕೋಣೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳುತ್ತಿತ್ತು. ಬೀಳ್ಕೊಡುಗೆಯ ದಿನ ಹೆಡ್ ಮಾಸ್ತರರು ಇದನ್ನೇ ಹೇಳಿ ಹೊಗಳಿದರು. ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ವಿದ್ಯೆ ಇವರೊಬ್ಬರಿಗೇ ಗೊತ್ತು ಎಂದರು. ಮಾಸ್ತರರು ಶಾಲು ಹೊದ್ದು, ಅದು ನಿಜವೆಂದೇ ತಿಳಿದು ಮನೆಗೆ ಬಂದರು.

ಮನೆಯಲ್ಲಿ ವಿಮಲಾಬಾಯಿ ಇದ್ದರು. ಅವರೂ ಮಾಸ್ತರಿಕೆ ಮಾಡಿದವರೇ. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿ ಗಂಡನಿಗಿಂತ ಎರಡು ವರ್ಷ ಮೊದಲೇ ನಿವೃತ್ತರಾಗಿದ್ದರು. ಅವರ ತರಗತಿಯ ಗದ್ದಲ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಿತ್ತೆಂದು ಊರವರು ಹೇಳುತ್ತಾರೆ. ಮಾಸ್ತರರಿಗೆ ಹೆಂಡತಿಯ ಈ ಒಂದು ಕೊರತೆಯ ಬಗ್ಗೆ ಯಾವಾಗಲೂ ಸ್ವಲ್ಪ ಮರುಕವಿತ್ತು.

ನಿವೃತ್ತಿಯ ಮೇಲೆ ಒಂದು ತಿಂಗಳು ಮಾಸ್ತರರು ಮನೆಯೊಳಗಿನ ಸಾಮಾನುಗಳನ್ನೆಲ್ಲ ಬೇರೆ ಬೇರೆ ಕಡೆ ಇಟ್ಟು ನೋಡಿದರು. ಅಡಿಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದ ದಿನ ವಿಮಲಾಬಾಯಿ, ಓಣಿಯ ಹುಡುಗರಿಗೆ ಟ್ಯೂಷನ್ ಹೇಳಿಕೊಡಬಾರದೇಕೆ ಎಂದು ಕೇಳಿದರು. ಮಾಸ್ತರರಿಗೂ ಅದು ಹಿಡಿಸಿತು. ಫೀ ಏನೂ ಬೇಡ, ಹತ್ತನೆಯವರು ಮಾತ್ರ, ಸಂಜೆ ಐದರಿಂದ ಏಳು, ನಮ್ಮ ಪಡಸಾಲೆಯಲ್ಲಿ ಎಂದು ನಿಶ್ಚಯವಾಯಿತು.

ಐದು ಜನ ಬಂದರು. ಎರಡನೆಯ ವಾರಕ್ಕೆ ಮೂವರು ಉಳಿದರು. ಒಬ್ಬ ಟೇಲರ್ ಫಕೀರಸಾಬರ ಮಗ ಅಯ್ಯೂಬ. ಇನ್ನೊಬ್ಬ ಅರ್ಜುನ, ಏನು ಕೇಳಿದರೂ ಮೊದಲು ಪೆನ್ನಿನ ಟೊಪ್ಪಿಗೆ ಕಚ್ಚಿ ಆಮೇಲೆ ಗೊತ್ತಿಲ್ಲ ಎನ್ನುವವನು. ಮೂರನೆಯವಳು ನೀಲಾ. ಅವಳ ಅಪ್ಪ ಭೀಮೇಶ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಅರ್ಧ ವರ್ಷದ ಪರೀಕ್ಷೆಯಲ್ಲಿ ನೀಲಾಗೆ ಗಣಿತದಲ್ಲಿ ಎಂಬತ್ತಕ್ಕೆ ಹನ್ನೆರಡು ಬಂದಿತ್ತು.

ಒಂದು ದಿನ ಮಾಸ್ತರರು ವೃತ್ತದ ಸ್ಪರ್ಶಕದ ಬಗ್ಗೆ ಹೇಳುತ್ತಿದ್ದಾಗ ನೀಲಾ ಸತತವಾಗಿ ನಾಲ್ಕು ಸಲ ಆಕಳಿಸಿದಳು. ಮಾಸ್ತರರು ಸಿಟ್ಟಿನ ಮನುಷ್ಯರಲ್ಲ. ಕಾಳಜಿಯಿಂದಲೇ ಕೇಳಿದರು.

"ರಾತ್ರಿ ನಿದ್ದಿ ಆಗೂದಿಲ್ಲೇನು ನಿನಗ?"

"ಆಗತೈತ್ರಿ ಸರ್."

"ಮತ್ತ ಇಷ್ಟ್ಯಾಕ ಆಕಳಿಸ್ತಿ?"

ನೀಲಾ, ಡಾಕ್ಟರರು ಎಲ್ಲಿ ನೋವು ಎಂದು ಕೇಳಿದರೆ ಬೆರಳಿಟ್ಟು ತೋರಿಸುವವರ ಹಾಗೆ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಹೇಳಿದಳು. "ಮನ್ಯಾಗ ಆಕಳಿಕಿ ಬರೂದಿಲ್ರಿ. ಇಲ್ಲಿ ನೀವು ಮಾತಾಡಾಕ ಚಾಲೂ ಮಾಡಿದ ಕೂಡ್ಲೇ ಬರ್ತೈತ್ರಿ."

ಮಾಸ್ತರರು ಉಳಿದಿಬ್ಬರ ಕಡೆ ನೋಡಿದರು. ಅರ್ಜುನ ಪೆನ್ನು ಕಚ್ಚಿಕೊಂಡ. ಅಯ್ಯೂಬ ಮಾತ್ರ ಸಹಾಯ ಮಾಡಲೆಂದು ಬಾಯಿ ತೆರೆದ. ಅವನ ಅಪ್ಪ ಫಕೀರಸಾಬರೂ ಲಕ್ಷ್ಮೇಶ್ವರದಲ್ಲಿ ಸರ್ ಕೈಯಲ್ಲೇ ಕಲಿತವರಂತೆ. ಸರ್ ತರಗತಿಯಲ್ಲಿ ಬರುತ್ತಿದ್ದಂಥ ನಿದ್ದೆ ತನಗೆ ಆಮೇಲೆ ಎಲ್ಲೂ ಬಂದಿಲ್ಲ ಎಂದು ಈಗಲೂ ನೆನೆಸಿಕೊಳ್ಳುತ್ತಾರಂತೆ.

ಮಾಸ್ತರರು ಸ್ಪರ್ಶಕವನ್ನು ಅಲ್ಲಿಗೇ ನಿಲ್ಲಿಸಿದರು.

ವಿಮಲಾಬಾಯಿ ಅಡಿಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದರು. ಮಾಸ್ತರರು ಬಾಗಿಲಲ್ಲಿ ನಿಂತು ನೇರವಾಗಿ ಕೇಳಿದರು.

"ನನ್ನ ಮಾತು ಕೇಳಿದ್ರ ನಿದ್ದಿ ಬರ್ತದೇನು?"

"ಬರ್ತದ."

"ಯಾವಾಗಿಂದ?"

"ನನಗ ಗೊತ್ತಿದ್ದಂಗ ಮದುವಿ ಆದಾಗಿಂದ. ಅದರ ಹಿಂದಿಂದು ನಿಮ್ಮ ಅವ್ವಗ ಗೊತ್ತಿತ್ತು."

"ನನಗ ಹೇಳಬೇಕಾಗಿತ್ತಲ್ಲ?"

ವಿಮಲಾಬಾಯಿ ಒಂದು ಕಡ್ಡಿಯ ಎಲೆಯನ್ನೆಲ್ಲ ಬಿಡಿಸಿದರು. ಆಮೇಲೆ ಹೇಳಿದರು. ಅವರಿಗೆ ಬಸ್ಸಿನಲ್ಲಿ ಹೊಟ್ಟೆ ತೊಳಸುವುದು ಮಾಸ್ತರರಿಗೂ ಗೊತ್ತು. ಗದಗಿಗೆ ಹೊರಟಾಗಲೆಲ್ಲ ಬಸ್ಸು ಸ್ಟ್ಯಾಂಡ್ ಬಿಡುತ್ತಿದ್ದಂತೆ ಅವರು ಗಂಡನಿಗೆ ಏನಾದರೊಂದು ಪ್ರಶ್ನೆ ಕೇಳುತ್ತಿದ್ದರು. ಚಕ್ರಬಡ್ಡಿ ಎಂದರೇನು, ಅಧಿಕ ಮಾಸ ಯಾಕೆ ಬರುತ್ತದೆ, ಇಂಥದ್ದು. ಮಾಸ್ತರರು ಹೇಳಲು ಶುರು ಮಾಡುತ್ತಿದ್ದರು. ಕಣ್ಣು ಬಿಟ್ಟರೆ ಗದಗ ಬಂದಿರುತ್ತಿತ್ತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ವಾಂತಿಯಾಗಲಿಲ್ಲ.

"ನನಗ ಅದರಿಂದ ಛಲೋನಽ ಆಗೇದ," ಎಂದರು. "ಏನಂತ ಹೇಳೂದು?"

ಅಂದು ಮಾಸ್ತರರು ಊಟ ಕಡಿಮೆ ಮಾಡಿದರು. ಲೆಕ್ಕದ ಮನುಷ್ಯರಾದ್ದರಿಂದ ಲೆಕ್ಕ ಹಾಕಿಯೇ ದುಃಖಪಟ್ಟರು. ವರ್ಷಕ್ಕೆ ನೂರಿಪ್ಪತ್ತು ಮಕ್ಕಳೆಂದರೆ ಮೂವತ್ತಮೂರು ವರ್ಷಕ್ಕೆ ಮೂರು ಸಾವಿರದ ಒಂಬೈನೂರ ಅರವತ್ತು. ಗೈರುಹಾಜರಿ ತೆಗೆದರೆ ತುಸು ಕಡಿಮೆ. ಅಷ್ಟು ಮಕ್ಕಳು ತಮ್ಮ ಎದುರು ಗಮನವಿಟ್ಟು ಕೂತಿದ್ದಾರೆಂದು ತಾವು ತಿಳಿದಿದ್ದರು.

ಆದರೆ ಕೈಕಟ್ಟಿ ಕೂರುವವರಲ್ಲ ಅವರು. ಮರುದಿನ ಮೊಬೈಲಿನಲ್ಲಿ, ಮಕ್ಕಳ ಆಸಕ್ತಿ ಹಿಡಿದಿಡುವುದು ಹೇಗೆ ಎಂದು ಹೇಳುವ ವಿಡಿಯೋಗಳನ್ನು ಹುಡುಕಿ ಹನ್ನೆರಡು ನೋಡಿದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದೇ ಕಡೆ ನಿಲ್ಲಬಾರದು. ದನಿ ಏರಿಳಿಯಬೇಕು. ಮಗು ತಪ್ಪು ಹೇಳಿದರೂ ಭೇಷ್ ಎನ್ನಬೇಕು. ನಿತ್ಯದ ಬದುಕಿನ ವಸ್ತು ತೋರಿಸಿ ಪಾಠ ಹೇಳಬೇಕು. ನಡುನಡುವೆ ನಗಿಸಬೇಕು.

ಸೋಮವಾರ ಅವರು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ ಪಾಠ ಹೇಳಿದರು. ಮೂವರ ಕತ್ತುಗಳೂ ಅವರ ಜೊತೆಗೇ ಅತ್ತ ಇತ್ತ ತಿರುಗಿದವು. ಅದು ತೊಟ್ಟಿಲು ತೂಗಿದ ಹಾಗಾಗಿ ಅರ್ಜುನ ಇಪ್ಪತ್ತು ನಿಮಿಷದಲ್ಲಿ ಮಲಗಿದ. ಮಂಗಳವಾರ ದನಿ ಏರಿಸಿದರು. ಎದುರುಮನೆಯ ಅಮೃತವ್ವ ಓಡಿಬಂದು ಏನಾಯಿತೆಂದು ಕೇಳಿದಳು. ಬುಧವಾರ ಜೋಳದ ರೊಟ್ಟಿಯೊಂದನ್ನು ತಂದು ಇದು ವೃತ್ತ ಎಂದರು, ಮುರಿದು ಇದು ತ್ರಿಜ್ಯಾಂತರ ಖಂಡ ಎಂದರು. ಬೋರ್ಡಿನಲ್ಲಿ ಸೂತ್ರ ಬರೆದು ತಿರುಗುವುದರೊಳಗೆ ತ್ರಿಜ್ಯಾಂತರ ಖಂಡ ಇರಲಿಲ್ಲ. ಅರ್ಜುನ ಚಟ್ನಿ ಐತೇನ್ರಿ ಎಂದು ಕೇಳಿದ. ಮಾಸ್ತರರು ನೋಟ್‌ಬುಕ್ಕು ನೋಡಿಕೊಂಡು ಭೇಷ್ ಎಂದರು. ಗುರುವಾರ ಸೊನ್ನೆಯ ಬಗ್ಗೆ ಒಂದು ನಗೆಹನಿ ಹೇಳಿದರು. ಅದು ಹನ್ನೊಂದು ನಿಮಿಷ ಹಿಡಿಯಿತು. ಮುಗಿದಾಗ ಎಚ್ಚರವಿದ್ದವನು ಅಯ್ಯೂಬ ಒಬ್ಬನೇ. ಅವನು ಮುಂದೇನಾಯಿತು ಎಂದು ಕೇಳಿದ.

ದುರಗವ್ವ ಬಂದದ್ದು ಶುಕ್ರವಾರ.

ದುರಗವ್ವ ಭೀಮೇಶನ ತಾಯಿ, ನೀಲಾ 'ಆಯಿ' ಎಂದು ಕರೆಯುವ ಅಜ್ಜಿ. ಡಿಸೆಂಬರದಲ್ಲಿ ಹೊತ್ತು ಬೇಗ ಮುಳುಗುತ್ತದೆ, ಓಣಿಯ ದೀಪ ಕೆಟ್ಟಿದೆ, ಹುಡುಗಿಯನ್ನು ಕರೆದುಕೊಂಡು ಹೋಗಬೇಕೆಂದು ಬಂದಿದ್ದಳು. ಹೊರಗೆ ಚಳಿ, ಒಳಗೆ ಕೂಡ್ರಿ ಎಂದು ವಿಮಲಾಬಾಯಿ ಗೋಡೆಯ ಹತ್ತಿರ ಒಂದು ಚಾಪೆ ಹಾಕಿಕೊಟ್ಟರು. ಮಾತಿಗೆ ಮಾತು ಬಂದು, ತಾನು ಒಂದೂವರೆ ವರ್ಷದಿಂದ ಸರಿಯಾಗಿ ಮಲಗಿಲ್ಲವೆಂದು ದುರಗವ್ವ ಹೇಳಿದಳು. ತಮ್ಮ ಹಳ್ಳಿ ಬೆಳ್ಳಟ್ಟಿಯಲ್ಲಿದ್ದಾಗ ಅಂಗಳದಲ್ಲಿ ಮಲಗುತ್ತಿದ್ದಳು. ಮಗ ಅಂಗಡಿ ಹಾಕಿ ಶಿರಹಟ್ಟಿಗೆ ಕರೆತಂದ ಮೇಲೆ ನಾಲ್ಕು ಗೋಡೆ, ಮೇಲೆ ಸ್ಲ್ಯಾಬು. ನಿದ್ದೆ ಬೆಳ್ಳಟ್ಟಿಯಲ್ಲೇ ಉಳಿದುಬಿಟ್ಟಿತು. ಗದಗಿನ ಡಾಕ್ಟರು ಗುಳಿಗೆ ಕೊಟ್ಟರು, ಯಾರೋ ಹೇಳಿದ್ದಕ್ಕೆ ತಲೆಗೆ ಹರಳೆಣ್ಣೆ ಹಚ್ಚಿದಳು. ಯಾವುದೂ ನಡೆಯಲಿಲ್ಲ.

ಮಾಸ್ತರರು ವರ್ಗ ಸಮೀಕರಣ ಶುರು ಮಾಡಿದರು. ಒಂಬತ್ತನೆಯ ನಿಮಿಷಕ್ಕೆ ದುರಗವ್ವನ ಗೊರಕೆ ಕೇಳಿಸಿತು.

ಮಕ್ಕಳು ಎಚ್ಚರಾದರು. ನೀಲಾ ಎದ್ದು ಹೋಗಿ ಅಜ್ಜಿಯ ಮುಖ ನೋಡಿ ಬಂದಳು. ಅವಳ ಕಣ್ಣಲ್ಲಿ ನೀರಿತ್ತು. "ಸರ್, ನಿಲ್ಲಸಬ್ಯಾಡ್ರಿ," ಎಂದು ಪಿಸುಗುಟ್ಟಿದಳು. "ಹಂಗ ಹೇಳ್ಕೋಂತ ಹೋಗ್ರಿ."

ಮಾಸ್ತರರು ಏಳು ಗಂಟೆಯವರೆಗೆ ಹೇಳಿದರು. ದುರಗವ್ವ ಎದ್ದು ಸೀರೆ ಸರಿಮಾಡಿಕೊಂಡು, ಮಾಸ್ತರರು ಭಾಳ ಛಲೋ ಹೇಳುತ್ತಾರೆ ಎಂದು ವಿಮಲಾಬಾಯಿಗೆ ಹೇಳಿ ಹೋದಳು. ಅಂದಿನಿಂದ ದಿನಾ ಬಂದಳು. ಒಂದು ವಾರದ ಮೇಲೆ ತಲೆದಿಂಬನ್ನೂ ತಂದಳು. ಹದಿನೈದು ದಿನಕ್ಕೆ ಮುಖಕ್ಕೆ ಕಳೆ ಬಂತು.

ಭೀಮೇಶ ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ತೆಂಗಿನಕಾಯಿ, ಬಾಳೆಹಣ್ಣಿನ ಗೊನೆ ಹಿಡಿದುಕೊಂಡು ಬಂದ. ಮಗಳಿಗೆ ಗಣಿತ ಬರುತ್ತದೋ ಇಲ್ಲವೋ ಕೇಳಲಿಲ್ಲ. ಮಾಸ್ತರರ ಕಾಲು ಮುಟ್ಟಿ ನಮಸ್ಕರಿಸಿ ಹೇಳಿದ. "ಎಂತೆಂಥಾ ದವಾಖಾನಿ ತಿರಗ್ಯಾಡಿದ್ವಿ ಸರ್ರ. ನಮ್ಮ ಅವ್ವಗ ನಿದ್ದಿ ಬಂದಿದ್ದು ನಿಮ್ಮಿಂದ."

ಮಾಸ್ತರರು ಬಾಳೆಹಣ್ಣು ತೆಗೆದುಕೊಂಡರು. ಅವನು ಹೋದ ಮೇಲೆ ಅಂಗಳದ ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದರು. ವಿಮಲಾಬಾಯಿ ಕರೆದರೂ ಬರಲಿಲ್ಲ.

ಸೋಮವಾರ ಐದಕ್ಕೆ ಮೂವರು ಮಕ್ಕಳೂ ದುರಗವ್ವನೂ ಬಂದು ಕೂತರು. ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು, ಏಳಲಿಲ್ಲ. ಇವತ್ತು ತಾವು ಮಾತಾಡುವುದಿಲ್ಲ, ನೀವೇ ಪುಸ್ತಕ ತೆಗೆದು ಲೆಕ್ಕ ಮಾಡಿಕೊಳ್ಳಿ ಎಂದರು. ಮೈ ಹುಷಾರಿಲ್ಲವೇ ಎಂದು ಅಯ್ಯೂಬ ಕೇಳಿದ. ಹುಷಾರಿದೆ ಎಂದರು.

ಮಕ್ಕಳು ಹತ್ತು ನಿಮಿಷ ಪುಟ ತಿರುವಿದರು. ದುರಗವ್ವ ದಿಂಬಿಗೆ ತಲೆಯಿಟ್ಟು ಕಾದಳು. ಒಂದು ಮಗ್ಗುಲಿಗೆ ಹೊರಳಿದಳು. ಮತ್ತೊಂದು ಮಗ್ಗುಲಿಗೆ ಹೊರಳಿದಳು. ಎದ್ದು ಕೂತು, "ಯಾಕ್ರೀ ಮಾಸ್ತರ್ರ, ಇವತ್ತ ಏನೂ ಇಲ್ಲೇನ್ರಿ?" ಎಂದು ಕೇಳಿದಳು. ಮಾಸ್ತರರು ಕಿಟಕಿಯ ಹೊರಗೆ ನೋಡಿದರು.

ನೀಲಾ ಅಜ್ಜಿಯನ್ನು ನೋಡಿದಳು, ಮಾಸ್ತರರನ್ನು ನೋಡಿದಳು. ಎದ್ದು ಹೋಗಿ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ x² – 5x + 6 = 0 ಎಂದು ಬರೆದಳು. ಎಡಗೈ ಬೆನ್ನಿಗೆ ಕಟ್ಟಿಕೊಂಡಳು. ಆಮೇಲೆ ಶುರು ಮಾಡಿದಳು.

"ಹಂಗಾರ ಮಕ್ಕಳೇ, ಈಗ ನಮ್ಮ ಮುಂದ ಒಂದು ವರ್ಗ ಸಮೀಕರಣ ಅದ. ಅದ ಅಂತ ಅಂದಕೂಡ್ಲೆ ನಾವು ಗಾಬರಿ ಆಗಬಾರದು. ಹಂಗಾರ ಗಾಬರಿ ಆಗದಽ ನಾವು ಮೊದಲು ಏನು ಮಾಡೋಣು? ಮೊದಲು ನಾವು ಅದನ್ನ ನೋಡೋಣು."

ಅವಳು ಹಾಸ್ಯ ಮಾಡುತ್ತಿರಲಿಲ್ಲ. ಅಜ್ಜಿಗೆ ನಿದ್ದೆ ಬರಿಸಬೇಕಾಗಿತ್ತು, ಅದಕ್ಕೆ ಏನು ಬೇಕೋ ಅದನ್ನು ಇದ್ದದ್ದು ಇದ್ದಹಾಗೆ ಮಾಡುತ್ತಿದ್ದಳು. ಅದೇ ದನಿ, ಅದೇ ಏರಿಳಿತವಿಲ್ಲದ ಒಂದೇ ಸಮನಾದ ಸಾಲು, ಪ್ರತಿ ವಾಕ್ಯದ ಕೊನೆಯನ್ನು ಮುಂದಿನ ವಾಕ್ಯದ ತಲೆಗೆ ಕಟ್ಟುವ ಅದೇ ರೀತಿ. ಮಾಸ್ತರರು ತಮ್ಮ ದನಿಯನ್ನು ಮೊದಲ ಸಲ ಕೇಳಿದರು. ಹೊರಗಿನಿಂದ ಅದು ಹೇಗಿರುತ್ತದೆಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಸಿಟ್ಟು ಬರಬಹುದೆಂದು ಕಾದರು. ಸಿಟ್ಟು ಬರಲಿಲ್ಲ. ಆಕಳಿಕೆ ಬಂತು. ತಡೆದುಕೊಂಡರು. ಎರಡನೆಯದನ್ನು ತಡೆಯಲಾಗಲಿಲ್ಲ.

ಅಷ್ಟರಲ್ಲಿ ನೀಲಾ ಸಿಕ್ಕಿಹಾಕಿಕೊಂಡಿದ್ದಳು. ಮಧ್ಯದ ಪದ ಒಡೆಯುವಾಗ ಪ್ಲಸ್ ಎರಡು, ಮೈನಸ್ ಮೂರು ಎಂದು ಬರೆದಳು.

"ಅಲ್ಲಲೇ," ಎಂದ ಅಯ್ಯೂಬ. "ಅದನ್ನ ಕೂಡಿಸಿದ್ರ ಮೈನಸ್ ಒಂದಾಗತೈತಿ. ಮೈನಸ್ ಐದು ಬೇಕು."

ನೀಲಾ ಬೋರ್ಡನ್ನು ನೋಡಿದಳು. ಹಾಗಾದರೆ ಎರಡೂ ಮೈನಸ್ಸು ಎಂದಳು. ಎರಡೂ ಮೈನಸ್ಸಾದರೆ ಗುಣಿಸಿದಾಗ ಮೈನಸ್ ಆರು ಬರುತ್ತದೆ ಎಂದ ಅರ್ಜುನ, ಪೆನ್ನನ್ನು ಬಾಯಿಂದ ತೆಗೆದು. ಮೈನಸ್ಸಿಗೆ ಮೈನಸ್ ಗುಣಿಸಿದರೆ ಪ್ಲಸ್ ಎಂದ ಅಯ್ಯೂಬ. ಅದು ಯಾಕೆ ಹಾಗೆ ಎಂದ ಅರ್ಜುನ. ಅಯ್ಯೂಬ ಎದ್ದು ಬೋರ್ಡಿನ ಹತ್ತಿರ ಹೋದ. ಸೀಮೆಸುಣ್ಣ ಕೈಯಿಂದ ಕೈಗೆ ಹೋಯಿತು. ಮೂವರೂ ಒಮ್ಮೆಲೇ ಮಾತಾಡತೊಡಗಿದರು. ಉತ್ತರ ಎರಡು ಮತ್ತು ಮೂರು ಎಂದು ತೀರ್ಮಾನವಾಗುವ ಹೊತ್ತಿಗೆ ಇಪ್ಪತ್ತು ನಿಮಿಷ ಹೋಗಿತ್ತು, ಅಮೃತವ್ವ ಬಾಗಿಲಿಗೆ ಬಂದು ನೋಡಿ ಹೋಗಿದ್ದಳು. ಅಡಿಗೆಮನೆಯಿಂದ ವಿಮಲಾಬಾಯಿ ಹಣಿಕಿಕ್ಕಿ ನೋಡಿ ಒಳಗೆ ಹೋದರು.

"ಹಿಂಗ ಒದರಿದ್ರ ಹೆಂಗ ಮಲಗೂದು?" ಎಂದಳು ದುರಗವ್ವ.

ಮಾಸ್ತರರು ಎದ್ದರು. ನೀಲಾ ಹೆದರಿ ಸೀಮೆಸುಣ್ಣ ಕೆಳಗಿಟ್ಟಳು. ಮಾಸ್ತರರು ಅದನ್ನು ಎತ್ತಿ ಮತ್ತೆ ಅವಳ ಕೈಗೇ ಕೊಟ್ಟು, ಮುಂದಿನ ಲೆಕ್ಕವನ್ನು ಅರ್ಜುನ ಹೇಳಿಕೊಡಲಿ ಎಂದರು. ಗೊತ್ತಿಲ್ಲ ಎಂದ ಅರ್ಜುನ. ಗೊತ್ತಿಲ್ಲದವನೇ ಹೇಳಬೇಕು ಎಂದು ಮಾಸ್ತರರು ಅವನು ಕೂತಿದ್ದ ಜಾಗದಲ್ಲಿ ಹೋಗಿ ಕೂತರು.

ಅಂದಿನಿಂದ ವ್ಯವಸ್ಥೆ ಬದಲಾಯಿತು. ಐದರಿಂದ ಆರೂಕಾಲಿನವರೆಗೆ ಮಕ್ಕಳು ಸರದಿಯಂತೆ ಮಾಸ್ತರರಾಗುತ್ತಿದ್ದರು. ಶ್ರೀನಿವಾಸ ಮಾಸ್ತರರು ಚಾಪೆಯ ಮೇಲೆ ಕೂತು, ಎಲ್ಲರೂ ಸೋತಾಗ ಮಾತ್ರ ಒಂದು ಮಾತು ಹೇಳುತ್ತಿದ್ದರು. ಒಂದು ಮಾತಿಗೆ ಯಾರಿಗೂ ನಿದ್ದೆ ಬರುವುದಿಲ್ಲವೆಂದು ಅವರು ಕಂಡುಕೊಂಡರು. ಆಮೇಲೆ ಮಕ್ಕಳು ಲೆಕ್ಕ ಬಿಡಿಸಲು ಅಡಿಗೆಮನೆಗೆ, ವಿಮಲಾಬಾಯಿಯ ಕಾವಲಿಗೆ ಹೋಗುತ್ತಿದ್ದರು. ಪಡಸಾಲೆಯಲ್ಲಿ ದುರಗವ್ವ ದಿಂಬು ಹಾಕಿಕೊಳ್ಳುತ್ತಿದ್ದಳು. ಮಾಸ್ತರರು ಏಳರವರೆಗೆ ಅವಳೊಬ್ಬಳಿಗೆ ಪಾಠ ಹೇಳುತ್ತಿದ್ದರು. ಮಲಗಿದವಳಿಗೆ ಹೇಳುವುದಾದರೂ ಕ್ರಮ ತಪ್ಪಿಸಲಿಲ್ಲ; ಹತ್ತನೆಯ ಪುಸ್ತಕವನ್ನು ಮೊದಲ ಅಧ್ಯಾಯದಿಂದ ಹಿಡಿದರು. ಹಾಗೆ ನೋಡಿದರೆ ಅವರಿಗೆ ಇದು ಹೊಸ ಕೆಲಸವೇನಲ್ಲ, ಗೊತ್ತಿದ್ದೂ ಮಾಡುವುದೊಂದೇ ಹೊಸದು.

ಫೆಬ್ರುವರಿಯ ಮೊದಲ ವಾರ ಸಮರೂಪ ತ್ರಿಭುಜಗಳು ಬಂದವು. ಮರ ಹತ್ತದೆ ಮರದ ಎತ್ತರ ಕಂಡುಹಿಡಿಯುವುದು ಹೇಗೆ ಎಂದು ಮಾಸ್ತರರು ಹೇಳುತ್ತಿದ್ದರು. ಒಂದು ಕೋಲು ನೆಡಬೇಕು, ಅದರ ನೆರಳು ಅಳೆಯಬೇಕು, ಮರದ ನೆರಳೂ ಅಳೆಯಬೇಕು. ಕೋಲಿಗೂ ಅದರ ನೆರಳಿಗೂ ಏನು ಸಂಬಂಧವೋ ಮರಕ್ಕೂ ಅದರ ನೆರಳಿಗೂ ಅದೇ ಸಂಬಂಧ. ಅವರು ಗೋಡೆಯನ್ನು ನೋಡುತ್ತ ಹೇಳುತ್ತಿದ್ದರು.

"ಯಾವ ನೆರಳ್ರಿ?"

ಮಾಸ್ತರರು ತಿರುಗಿದರು. ದುರಗವ್ವ ದಿಂಬಿನ ಮೇಲೆ ಮೊಣಕೈ ಊರಿ ಅವರನ್ನೇ ನೋಡುತ್ತಿದ್ದಳು. ಪೂರಾ ಎಚ್ಚರವಿದ್ದಳು.

"ಅಂದ್ರ?"

"ಅಲ್ರೀ ಮಾಸ್ತರ್ರ, ಗಿಡದ ನೆರಳು ಮುಂಜಾನಿ ಉದ್ದ ಇರತೈತಿ. ಮಧ್ಯಾಹ್ನಕ್ಕ ಕಾಲಬುಡಕ ಬರತೈತಿ. ಗಿಡ ಅಷ್ಟ ಇರತೈತಿ. ಯಾವ ನೆರಳು ಅಳಿಯೂದು?"

ಮೂವತ್ತಮೂರು ವರ್ಷದಲ್ಲಿ ಈ ಪಾಠವನ್ನು ಮಾಸ್ತರರು ಮೂವತ್ತಮೂರು ಸಲ ಹೇಳಿದ್ದರು. ಹೇಳುತ್ತಿರುವಾಗ ನಡುವೆ ತಡೆದು ಯಾರೂ ಏನೂ ಕೇಳಿರಲಿಲ್ಲ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವರು ಕಣ್ಣಿನ ಚಾಳೀಸು ತೆಗೆದು ಒರೆಸಿಕೊಂಡು ಹಾಕಿಕೊಂಡರು. ಅವರು ಉದ್ದಕ್ಕೆ ಹೇಳಹೊರಟು, ಬಾಯಿ ಮುಚ್ಚಿ, ನಾಳೆ ಹೊತ್ತಿರುವಾಗಲೇ ಬರಲು ಹೇಳಿದರು.

ಮರುದಿನ ಮೂರೂವರೆಗೇ ದುರಗವ್ವ ಬಂದಳು. ಶನಿವಾರವಾದ್ದರಿಂದ ಮಕ್ಕಳೂ ಇದ್ದರು. ಮಾಸ್ತರರು ಅಂಗಳದಲ್ಲಿ ಒಂದು ಕೋಲು ನೆಟ್ಟು ನೀವೇ ಅಳೆಯಿರಿ ಎಂದು ದುರಗವ್ವನ ಕೈಗೆ ಹಗ್ಗ ಕೊಟ್ಟರು. ಅವಳು ಕೋಲಿನ ನೆರಳು ಅಳೆದಳು. ನೀಲಾ ಬರೆದುಕೊಂಡಳು. ನಡುವೆ ವಿಮಲಾಬಾಯಿ ಚಹಾ ತಂದರು. ಚಹಾ ಕುಡಿದು ಬೇವಿನ ನೆರಳು ಅಳೆಯಲು ಹೋದಾಗ ದುರಗವ್ವ ತಟ್ಟನೆ ನಿಂತಳು.

"ತಡೀರಿ. ಆ ಕೋಲಿನ ನೆರಳು ಆಗಳೆ ಅಳದಿದ್ದು. ಇಷ್ಟೊತ್ತಿಗೆ ಸರದಿರತೈತಿ. ಅದನ್ನೂ ಇದನ್ನೂ ಒಂದ ಹೊತ್ತಿಗೆ ಅಳೀಬೇಕಲ್ಲ?"

"ಹೌದು," ಎಂದರು ಮಾಸ್ತರರು. ಅಷ್ಟೇ ಹೇಳಿದರು.

ಮತ್ತೆ ಅಳೆದರು, ಈ ಸಲ ಅಯ್ಯೂಬ ಕೋಲಿನ ಹತ್ತಿರ, ದುರಗವ್ವ ಮರದ ಹತ್ತಿರ, ಇಬ್ಬರೂ ಒಂದೇ ಹೊತ್ತಿಗೆ. ಅರ್ಜುನ ಗುಣಾಕಾರ ಮಾಡಿದ. ಬೇವಿನ ಮರ ಇಪ್ಪತ್ತಾರು ಅಡಿ ಬಂತು. ದುರಗವ್ವ ತಲೆಯೆತ್ತಿ ಮರದ ತುದಿಯನ್ನು ನೋಡಿ, ಇದ್ದೀತು ಎಂದಳು.

ಪರೀಕ್ಷೆ ಬಂತು, ಹೋಯಿತು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಗಣಿತದಲ್ಲಿ ನೂರಕ್ಕೆ ಅಯ್ಯೂಬನಿಗೆ ಎಂಬತ್ತನಾಲ್ಕು, ನೀಲಾಗೆ ಅರವತ್ತೊಂದು, ಅರ್ಜುನನಿಗೆ ನಲವತ್ತು. ಅರ್ಜುನ ಪೇಢೆ ಹಂಚಿದ. ಫಕೀರಸಾಬರು ಮಾಸ್ತರರಿಗೆ ಒಂದು ಅಂಗಿ ಹೊಲಿದುಕೊಟ್ಟು, ತಮ್ಮ ಕಾಲದಲ್ಲಿ ಸರ್ ಹೀಗಿರಲಿಲ್ಲ ಎಂದರು. ಮಾಸ್ತರರು ಒಪ್ಪಿಕೊಂಡರು.

ಆದರೆ ಅದಕ್ಕೂ ಮೊದಲೇ, ಗಣಿತದ ಪರೀಕ್ಷೆ ಮುಗಿದ ದಿನದ ಸಂಜೆ, ಇನ್ನು ಯಾರೂ ಬರುವುದಿಲ್ಲವೆಂದು ಮಾಸ್ತರರು ಬೋರ್ಡು ಒರೆಸಿ, ಚಾಪೆ ಸುತ್ತಿ ಮೂಲೆಗಿಟ್ಟಿದ್ದರು. ಐದಕ್ಕೆ ಸರಿಯಾಗಿ ಬಾಗಿಲ ಸದ್ದಾಯಿತು. ದುರಗವ್ವ ಒಬ್ಬಳೇ ಬಂದಿದ್ದಳು. ಕೈಯಲ್ಲಿ ದಿಂಬಿರಲಿಲ್ಲ.

ನಿದ್ದೆ ಹೇಗೆ ಎಂದು ಮಾಸ್ತರರು ಕೇಳಿದರು. ಈಗ ಮನೆಯಲ್ಲೂ ಬರುತ್ತದೆ, ಅದರದೇನೂ ಕಾಳಜಿ ಇಲ್ಲ ಎಂದಳು ದುರಗವ್ವ. ಮೂಲೆಯಿಂದ ಚಾಪೆ ತಂದು ತಾನೇ ಹಾಸಿಕೊಂಡು, ಗೋಡೆಗೆ ಒರಗದೆ, ಬೋರ್ಡಿನ ಎದುರಿಗೆ ಕೂತಳು.

"ಇವತ್ತ ಏನು ಹೇಳ್ಲಿ?" ಎಂದರು ಮಾಸ್ತರರು.

"ನಿನ್ನಿ ಎಲ್ಲಿ ಬಿಟ್ಟೀರಿ, ಅದರ ಮುಂದಿಂದು," ಎಂದಳು ದುರಗವ್ವ. "ಆದ್ರ ಸಾವಕಾಶ ಹೇಳ್ರಿ. ನಡುವ ನಾ ಕೇಳಾಕಿ ಅದೀನಿ."